ಡಬ್ಬಿಗೆ ಹೊಸ ಕೀ ಹಾಕಿದ ವಾರ

ಈ ಡಬ್ಬಿ ವಿಷಯ ಎತ್ತಿದರೆ ಸಾಕು, ನನಗೆ ತಲೆ ಕೆಡುತ್ತೆ. ಅದನ್ನ ಕೊಟ್ಟವರು ಹೇಳಿಕೊಟ್ಟಿದ್ದು ಅರ್ಧ, ನಾನು ತಿಳ್ಕೊಂಡಿದ್ದು ಅದರಲ್ಲಿ ಅರ್ಧ.

ಕೌದಳ್ಳಿ ಹತ್ತಿರದ ಒಂದೂರಲ್ಲಿ ನಾನು ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರನ್ನ ನೋಡ್ಕೊಳ್ಳೋದು, ಹೆರಿಗೆಗೆ ಆಸ್ಪತ್ರೆಗೆ ಕರ್ಕೊಂಡು ಹೋಗೋದು ನನ್ನ ಕೆಲಸ. ಕಾಡೊಳಗೆ ಸೋಲಿಗರ ಒಂದು ಪೋಡೂ ನನ್ನ ಪಾಲಿಗೆ ಬಂದಿದೆ. ಹದಿನೈದೇ ಮನೆ, ಫೋನಿಗೆ ಟವರ್ ಸಿಗಲ್ಲ. ಜೀಪ್ ಬೇಕು ಅಂದರೆ ಯಾರಾದರೂ ಕೆಳಗೆ ನಡೆದು ಬಂದು ಹೇಳಬೇಕು. ಹಾಗೆ ಹೇಳಿ ಕಳಿಸೋದು ತಡವಾಗಿಯೇ ಅಲ್ಲಿನ ಒಬ್ಬ ಸೊಸೆಯ ಚೊಚ್ಚಲ ಕೂಸು ದಾರೀಲೇ ಹೋಯ್ತು. ಈಗ ಅವಳು ಮತ್ತೆ ಬಸುರಿ. ಈ ಕೂಸನ್ನ ಮಾತ್ರ ಕಳ್ಕೋಬಾರದು ಅಂತ ಅವಳಿಗಿಂತ ನನಗೇ ಹಠ ಜಾಸ್ತಿ.

ಯಾವುದೋ ಸಂಸ್ಥೆಯವರು ಕೊಳ್ಳೇಗಾಲಕ್ಕೆ ಕರೆಸಿ, ಟ್ರೈನಿಂಗ್ ಕೊಟ್ಟು, ಸೋಪಿನ ಡಬ್ಬಿಯಷ್ಟು ದೊಡ್ಡ ರೇಡಿಯೋ ಡಬ್ಬಿಗಳನ್ನ ಕೊಟ್ಟರು. ಅದನ್ನ ಫೋನಿಗೆ ಜೋಡಿಸಿ ಟೈಪ್ ಮಾಡಿದರೆ ಟವರೂ ಬೇಡ, ಸಿಮ್ಮೂ ಬೇಡ, ಡಬ್ಬಿಯಿಂದ ಡಬ್ಬಿಗೆ ದಾಟ್ಕೊಂಡು ಸುದ್ದಿ ಬರುತ್ತೆ. ಗುಡ್ಡದ ಮೇಲಿನ ಮರಕ್ಕೆ ಒಂದು ಕಟ್ಟಿದರು. ಪೋಡಿಗೆ ಎರಡು, ಜೀಪ್ ಡ್ರೈವರಿಗೆ ಒಂದು, ನನಗೊಂದು. ಒಂದೇ ಕೀ ಇರೋ ಡಬ್ಬಿಗಳು ಮಾತ್ರ ಸುದ್ದಿ ಓದಬಹುದು, ಬೇರೆಯವರಿಗೆ ಏನೂ ತಿಳಿಯಲ್ಲ ಅಂದರು. ಕೀ ಅಂದರೆ ಕಬ್ಬಿಣದ್ದಲ್ಲ, ಫೋನಿಗೆ ತೋರಿಸೋ ಚುಕ್ಕಿ ಚುಕ್ಕಿಯ ಚೌಕದ ಚಿತ್ರ. ಹೆಂಗಸರ ಬಸಿರು ಬಾಣಂತನ ಊರೋರೆಲ್ಲ ಕೇಳಿಸ್ಕೊಳ್ಳೋ ಮಾತಲ್ಲ, ಒಳ್ಳೇದೇ ಆಯ್ತು ಅಂದ್ಕೊಂಡೆ.

ಪೋಡಿನ ಒಂದು ಡಬ್ಬಿ ಜೇನಿಗೆ ಹೋದವರ ಕೈಯಿಂದ ಕಾಡಲ್ಲಿ ಎಲ್ಲೋ ಕಳೆದು ಹೋಯ್ತು. ಟ್ರೈನಿಂಗ್ ಕೊಟ್ಟವರಿಗೆ ಫೋನ್ ಮಾಡಿದೆ. "ಅದು ಯಾರ ಕೈಗಾದ್ರೂ ಸಿಕ್ಕಿದ್ರೆ ಎಲ್ಲ ಓದ್ತಾರೆ ಮೇಡಂ. ಉಳಿದಿದ್ದಕ್ಕೆಲ್ಲ ಹೊಸ ಕೀ ಹಾಕಿ, ಹಳೇ ಚಿತ್ರ ಸುಟ್ಟುಬಿಡಿ" ಅಂದರು. ಹಳೇದನ್ನ ಒಲೆಗೆ ಹಾಕಿದೆ. ಮರದ ಮೇಲಿಂದು ಬರೀ ದಾಟಿಸೋದು, ಅದಕ್ಕೆ ಕೀ ಬೇಡವಂತೆ. ನನ್ನ ಡಬ್ಬಿಗೆ, ಡ್ರೈವರಿನ ಡಬ್ಬಿಗೆ ಹೊಸದು ಹಾಕಿ ಪೋಡಿಗೆ ಹತ್ತಿದೆ. ಅಲ್ಲಿ ಉಳಿದಿದ್ದ ಒಂದೇ ಡಬ್ಬಿ ಆ ಬಸುರಿ ಮನೇಲಿ. ಹೋಗಿ ನೋಡಿದರೆ ಎರಡು ದಿನದ ಹಿಂದೆ ಅವಳ ಮಾವ ತೀರ್ಕೊಂಡಿದ್ದಾರೆ. ಸೂತಕದ ಮನೆ.

ಅವಳು ಬಾಗಿಲಿಗೆ ಬಂದು ಫೋನು, ಡಬ್ಬಿ ಎರಡನ್ನೂ ನನ್ನ ಕಡೆ ಚಾಚಿದಳು. "ನಂದುಕ್ಕೂ ಆಕ್ಕೊಡಕ್ಕ" ಅಂದಳು.

ಮಾರನೇ ದಿನ ಮೊಮ್ಮಗನ ಮುಡಿ ಕೊಡಿಸೋಕೆ ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದೆ ನಾನು. ಸೂತಕದ ಮನೆ ಸಾಮಾನು ಮುಟ್ಟಿ ಬೆಟ್ಟ ಹತ್ತೋದು ಹೆಂಗೆ? ಎಂತೆಂಥಾ ಮನೆಗೆಲ್ಲ ನುಗ್ಗಿ ಬಂದಿರೋಳಿಗೆ ಅವತ್ತು ಕೈ ಮುಂದಕ್ಕೆ ಹೋಗಲಿಲ್ಲ. "ಸೂತಕ ಕಳೀಲಿ ಕಣವ್ವ, ನಾನೇ ಬಂದು ಹಾಕ್ಕೊಡ್ತೀನಿ" ಅಂದೆ. ದಿನ ತುಂಬೋಕೆ ಇನ್ನೂ ಒಂದು ತಿಂಗಳಿತ್ತು. ಮೇಲಾಗಿ ಹೊಸ ಕೀ ಅಂದರೆ ಮನೆ ಬೀಗಕ್ಕೆ ಇನ್ನೊಂದು ಕೀ ಮಾಡಿಸಿದಂಗೆ, ಹಳೇದೂ ನಡೆಯುತ್ತೆ ಅಂತ ತಿಳ್ಕೊಂಡಿದ್ದೆ. ನನ್ನಂಥ ಮಂಕುದಿಣ್ಣೆ ಇನ್ನೊಬ್ಬಳಿಲ್ಲ.

ಬೆಟ್ಟದಿಂದ ಬಂದ ನಾಲ್ಕನೇ ದಿನ ಬೆಳಿಗ್ಗೆ ಮುದ್ದೆಗೆ ಎಸರಿಟ್ಟಿದ್ದೆ. ಕಿಟಕೀಲಿದ್ದ ಡಬ್ಬಿಯ ದೀಪ ಮಿಣುಕ್ತು. ಫೋನ್ ನೋಡಿದರೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಮಿಣುಕ್ತು, ಆಗಲೂ ಏನೂ ಇಲ್ಲ. ಇದೇನು ಕೆಟ್ಟು ಹೋಯ್ತಾ? ಅಲ್ಲಾಡಿಸಿದೆ, ಆಫ್ ಮಾಡಿ ಆನ್ ಮಾಡಿದೆ. ಡ್ರೈವರಿಗೆ ಫೋನ್ ಹಚ್ಚಿ, ನೀನೇನಾದ್ರೂ ಕಳಿಸಿದ್ಯೇನ್ಲಾ ಅಂದೆ. "ಇಲ್ಲ ಕಣಕ್ಕೋ, ನಂದೂ ಅಂಗೇ ಮಿಣುಕ್ತಾ ಅದೆ" ಅಂದ.

ಕೊಳ್ಳೇಗಾಲದ ಟ್ರೈನಿಂಗಿನವರಿಗೆ ಮಾಡಿದೆ. "ಯಾರದೋ ಸುದ್ದಿ ನಿಮ್ಮ ಡಬ್ಬಿ ಮೂಲಕ ಹಾದು ಹೋಗ್ತಿದೆ ಮೇಡಂ. ಯಳಂದೂರು ಕಡೆ ಬೆಟ್ಟಕ್ಕೂ ಕೊಟ್ಟಿದ್ದೀವಲ್ಲ, ಅವರದಿರಬಹುದು. ಕೀ ಬೇರೆ ಇದ್ರೆ ಓದೋಕಾಗಲ್ಲ."

"ನನ್ನ ಡಬ್ಬೀಲಿ ಹಾದು ಹೋಗೋದು ನನಗೇ ಕಾಣಲ್ಲ ಅಂದ್ರೆ ಏನ್ ಸಾ ಇದು?"

"ಕಾಣಬಾರದು ಮೇಡಂ, ಅದೇ ಅದರ ಹೆಚ್ಚುಗಾರಿಕೆ. ನನಗೂ ಕಾಣಲ್ಲ."

ಇದೊಳ್ಳೆ ಹೆಚ್ಚುಗಾರಿಕೆ! ಫೋನ್ ಕುಕ್ಕಿ ಇಟ್ಟೆ.

ಡಬ್ಬಿ ಏಳನೇ ಸಲ ಮಿಣುಕೋ ಹೊತ್ತಿಗೆ ಮುದ್ದೆ ಹಿಟ್ಟು ತಳ ಹತ್ತಿತ್ತು. ಯಳಂದೂರಿನವರಾ, ಪೋಡಿನ ಇವಳಾ? ಹಳೇ ಕೀ ನಡೆಯೋದಾದರೆ ಇವಳದು ನನಗೆ ಕಾಣಬೇಕಿತ್ತಲ್ಲ? ಕಾಣ್ತಿಲ್ಲ ಅಂದರೆ ಇವಳದಲ್ಲ. ಅಥವಾ ಹಳೇ ಕೀ ನಡೆಯೋದೇ ಇಲ್ಲವಾ? ಅದೊಂದು ತಲೆಗೆ ಹೋಗೋಕೆ ಹನ್ನೊಂದು ಗಂಟೆ ಆಯ್ತು. ಅಯ್ಯೋ ಮಾದಪ್ಪ ಅಂತ ಚಪ್ಪಲೀನೂ ಮೆಟ್ಟದೆ ಓಡಿ ಹೋಗಿ ಜೀಪ್ ಹತ್ತಿದೆ.

ಅರ್ಧ ದಾರೀಲಿ ಪೋಡಿನವರು ಎದುರಾದರು. ಬಿದಿರಿಗೆ ಕಂಬಳಿ ಕಟ್ಟಿ ಜೋಲಿ ಮಾಡಿ ಅವಳನ್ನ ಹೊತ್ಕೊಂಡು ಬರ್ತಿದ್ದರು. ಕೂಸು ದಾರೀಲೇ ಮರದ ಕೆಳಗೆ ಹುಟ್ಟಿತ್ತು, ಜೋರಾಗಿ ಅಳ್ತಿತ್ತು. ಅದರ ಅಳು ಕೇಳಿ ನನಗೂ ಅಳು ತಡೆಯೋಕಾಗಲಿಲ್ಲ. ತಾಯಿಗೆ ರಕ್ತ ನಿಂತಿರಲಿಲ್ಲ. ಹನೂರು ದಾಟಿ ಕೊಳ್ಳೇಗಾಲ ಮುಟ್ಟೋ ತನಕ ಅವಳ ಕೈ ಹಿಡ್ಕೊಂಡೇ ಇದ್ದೆ.

ಮೂರನೇ ದಿನ ವಾರ್ಡಿಗೆ ಹೋದೆ. ಎದ್ದು ಕೂತಿದ್ದಳು, ಕೂಸು ಮಗ್ಗುಲಲ್ಲಿ ಮಲಗಿತ್ತು. ಫೋನ್ ತೆಗೆದು ತೋರಿಸಿದಳು. ನೋವು ಬರ್ತಾ ಅದೆ ಅಕ್ಕ. ಜೀಪ್ ಕಳ್ಸಕ್ಕ. ನೀರು ಹೋಯ್ತಾ ಅದೆ. ಹಿಂಗೇ ಏಳು ಸುದ್ದಿ, ಒಂದೊಂದರ ಪಕ್ಕದಲ್ಲೂ ಹೋಯ್ತು ಅನ್ನೋ ಗುರುತು. ಗುಡ್ಡದ ಮರದ ಡಬ್ಬಿ ದಾಟಿಸಿದರೆ ಸಾಕು ಆ ಗುರುತು ಬೀಳುತ್ತಂತೆ, ನಾನು ಓದಬೇಕಂತೇನೂ ಇಲ್ಲವಂತೆ. ಅವಳೋ ಆ ಗುರುತನ್ನ ನಂಬ್ಕೊಂಡು, ಅಕ್ಕ ಬಂದೇ ಬರ್ತಾಳೆ ಅಂತ, ಹೊತ್ಕೊಂಡು ಹೋಗ್ತೀವಿ ಅಂದವರನ್ನೂ ತಡೆದು ಕಾದಿದ್ದಾಳೆ.

"ನನಗೆ ಓದೋಕಾಗಲಿಲ್ಲ ಕಣವ್ವ, ಕೀ ಬೇರೆ ಆಗ್ಬಿಟ್ಟಿತ್ತು" ಅಂತ, ನನಗೇ ನೆಟ್ಟಗೆ ಅರ್ಥವಾಗದ್ದನ್ನ ಅವಳಿಗೆ ಬಿಡಿಸಿ ಹೇಳೋಕೆ ಹೋದೆ. ಪೂರ್ತಿ ಕೇಳಿದಳು. ಸಿಟ್ಟು ಮಾಡ್ಕೊಳ್ಳಲಿಲ್ಲ, ಮಾಡ್ಕೊಂಡಿದ್ದರೆ ಚೆನ್ನಾಗಿತ್ತು.

"ದೀಪ ಮಿಣುಕ್ತಾ ಅಕ್ಕ?" ಅಂದಳು.

"ಮಿಣುಕ್ತು."

"ಏಟು ಸಲ?"

"ಏಳು ಸಲ."

"ಅಂಗಾದ್ರೆ ನಾನ್ ಕೂಗಿದ್ದು ನಿಮ್ಗೆ ಕೇಳುಸ್ತು" ಅಂದು, ಕೂಸನ್ನ ಎತ್ತಿ ಎದೆಗೆ ಹಾಕ್ಕೊಂಡಳು.