ಕೆನೆಬಣ್ಣದ ಸೀಟು

ಆ ಕಾರು ಈಗಲೂ ನನ್ನ ಶೆಡ್ಡಿನಲ್ಲೇ ಇದೆ. ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಆಫ್ ಮಾಡಿ ಬರುತ್ತೇನೆ. ಮಾರಿಬಿಡು ಅಂತ ಮನೆಯವರೆಲ್ಲ ಹೇಳುತ್ತಾರೆ. ಗಿರಾಕಿಗಳೂ ಬರುತ್ತಾರೆ. ಆದರೆ ಬಂದವರು ಹಿಂದಿನ ಬಾಗಿಲು ತೆಗೆದು ಸೀಟು ಸವರಿದರೆ ಸಾಕು, ನನಗೆ ಎಲ್ಲಿಲ್ಲದ ಸಿಟ್ಟು ಬಂದು ಅವರನ್ನು ಹಾಗೇ ಕಳಿಸಿಬಿಡುತ್ತೇನೆ.

ನಮ್ಮೂರು ಪಿರಿಯಾಪಟ್ಟಣದ ಕಡೆ. ಅಪ್ಪನ ಜಮೀನನ್ನು ಅಣ್ಣ ನೋಡಿಕೊಂಡ, ಹೊಗೆಸೊಪ್ಪು ಬೆಳೆದ. ನಾನು ಹುಣಸೂರು ಸೇರಿ ಸೈಟು ಕೊಡಿಸುವ ವ್ಯಾಪಾರಕ್ಕೆ ಇಳಿದೆ. ನಾಲಿಗೆ ಚುರುಕಿತ್ತು, ಕಾಲವೂ ಕೂಡಿಬಂತು. ಮಡಿಕೇರಿಯ ಒಬ್ಬ ತೋಟದ ಸಾಹುಕಾರರು ತಮ್ಮ ಉದ್ದನೆಯ ಕಪ್ಪು ಕಾರು ಮಾರುತ್ತಾರೆ ಅಂತ ಗೊತ್ತಾದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ದೊಡ್ಡ ದೊಡ್ಡ ಮಂತ್ರಿಗಳು ಓಡಾಡುವಂಥ ಗಾಡಿ ಅದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅನ್ನುತ್ತಾರಲ್ಲ, ನಾನು ಹಿಡಿದ ಕೊಡೆ ಅದೇ.

ಸುಳ್ಳು ಯಾಕೆ ಹೇಳಲಿ, ಓಡಿಸುವುದು ಸುಖವಾಗಿತ್ತು. ಬಾಗಿಲು ಹಾಕಿದರೆ ಹುಣಸೂರು ಬಸ್ ಸ್ಟ್ಯಾಂಡಿನ ಅಷ್ಟೂ ಗದ್ದಲ ಹೊರಗೇ ಉಳಿಯುತ್ತಿತ್ತು. ಪಕ್ಕದಲ್ಲಿ ಲಾರಿ ಹಾರ್ನ್ ಹೊಡೆದರೂ ಯಾರೋ ಆಚೆ ಬೀದಿಯಲ್ಲಿ ಕೂಗಿದಂತೆ ಅಷ್ಟೆ. ಹಿಂದೆ ಕೂತವರು ಪಿಸುಗುಟ್ಟಿದರೂ ನನಗೆ ಕೇಳುತ್ತಿತ್ತು. ಕಷ್ಟ ಅಂದರೆ ರಸ್ತೆಯ ಉಬ್ಬುಗಳದ್ದು. ನಮ್ಮ ಕಡೆ ಪ್ರತಿ ಹಳ್ಳಿಯವರೂ ತಮ್ಮೂರ ಮುಂದೆ ತಾವೇ ಒಂದು ಉಬ್ಬು ಹಾಕಿಕೊಳ್ಳುತ್ತಾರೆ. ಕಾರಿನ ಹೊಟ್ಟೆ ತಗ್ಗು. ಪ್ರತಿಯೊಂದನ್ನೂ ಓರೆಯಾಗಿ, ಬಸುರಿಯನ್ನು ಮೆಟ್ಟಿಲಿಳಿಸಿದ ಹಾಗೆ ಹತ್ತಿಸಿ ಇಳಿಸಬೇಕಿತ್ತು. ಹಿಂದಿನಿಂದ ಬರುವ ಮೊಪೆಡ್ಡಿನವನು ನಗುತ್ತಾ ಮುಂದೆ ಹೋಗುತ್ತಿದ್ದ.

ಕಾರು ತಂದ ದಿನ ಊರಿಗೆ ಒಯ್ದು ಪೂಜೆ ಮಾಡಿಸಿದೆ. ಚಕ್ರದಡಿ ನಿಂಬೆಹಣ್ಣು ಇಟ್ಟು, ನೆಂಟರೆಲ್ಲ ಸುತ್ತ ನಿಂತಿದ್ದರು. ಆಗ ಸೊಪ್ಪು ಮುರಿಯುವ ಕಾಲ. ಅಣ್ಣ ಹೊಲದಿಂದ ನೇರವಾಗಿ ಓಡಿಬಂದ. ಹಸಿ ಹೊಗೆಸೊಪ್ಪು ಮುರಿದವರ ಕೈ ನೋಡಬೇಕು ನೀವು, ಕರಿ ಅಂಟು ಹತ್ತಿ ಡಾಂಬರು ಬಳಿದಂತಿರುತ್ತದೆ, ಸೋಪಿಗೆಲ್ಲ ಬಗ್ಗುವುದಿಲ್ಲ. ಅವನು ಬಂದವನೇ ಹಿಂದಿನ ಬಾಗಿಲು ತೆಗೆದು, "ಬೇಕಾದ್ರೆ ಇದ್ರಲ್ಲೇ ಮಲಗ್‌ಬೌದು ಕಣ್ಲಾ" ಅನ್ನುತ್ತಾ ಕೆನೆಬಣ್ಣದ ಸೀಟಿನ ಮೇಲೆ ಕೈ ಇಡಲು ಹೋದ. ನೆಂಟರ ಮುಂದೆಯೇ ನಾನು ಗದರಿದೆ. ಕೈ ತೆಗಿ, ಅಂಟು ಹತ್ತಿದರೆ ಜನ್ಮದಲ್ಲಿ ಹೋಗಲ್ಲ ಅಂದೆ. ಅವನು ನಕ್ಕು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ನಾವು ಸ್ಕೂಲಿನಲ್ಲಿ ಮೇಷ್ಟ್ರ ಮುಂದೆ ಹಾಗೆ ನಿಲ್ಲುತ್ತಿದ್ದೆವು.

ನನಗಿಂತ ಎಂಟು ವರ್ಷ ದೊಡ್ಡವನು. ಜ್ವರ ಬಂದಾಗ ನನ್ನನ್ನು ಬೆನ್ನ ಮೇಲೆ ಹೊತ್ತು ಪಿರಿಯಾಪಟ್ಟಣದ ಆಸ್ಪತ್ರೆಗೆ ನಡೆದವನು. ಆಮೇಲೆ ಯಾವತ್ತೂ ಅವನು ಆ ಕಾರು ಹತ್ತಲಿಲ್ಲ. ಹುಣಸೂರಿಗೆ ಬಾ, ನಾನೇ ಬಿಡ್ತೀನಿ ಅಂದರೆ ಬಸ್ಸಿದೆ ಬುಡು ಅನ್ನುತ್ತಿದ್ದ. ಕಾರಿನ ಪಕ್ಕ ಮಾತಾಡುತ್ತಾ ನಿಂತರೆ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು. ನಾನು ಅದನ್ನು ನೋಡಿಯೂ ನೋಡದವನ ಹಾಗೆ ಇದ್ದೆ.

ಕಾರು ತಂದ ಮೂರನೇ ವರ್ಷ, ಅದೇ ಸೊಪ್ಪಿನ ಕಾಲ. ಒಂದು ಭಾನುವಾರ ಊಟಕ್ಕೆಂದು ಊರಿಗೆ ಹೋಗಿದ್ದೆ. ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ನೆರಳಲ್ಲಿ ಅಣ್ಣ, ಅತ್ತಿಗೆ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದರು. ಹನ್ನೊಂದು ಗಂಟೆ ಇರಬೇಕು. ಅಣ್ಣ ಎದ್ದು ನಿಂತವನು ಎದೆ ಹಿಡಿದುಕೊಂಡು ಕಡ್ಡಿಯ ರಾಶಿಯ ಮೇಲೆ ಕುಸಿದು ಕೂತ. ಮುಖದಲ್ಲಿ ಬೆವರು ಇಳಿಯುತ್ತಿತ್ತು. ಎಡಗೈ ಸೆಳೆಯುತ್ತದೆ ಅಂದ. ಏನಾಗುತ್ತಿದೆ ಅಂತ ನನಗೆ ಗೊತ್ತಾಯಿತು. ಓಡಿಹೋಗಿ ಕಾರಿನ ಹಿಂದಿನ ಬಾಗಿಲು ತೆಗೆದೆ.

ಅತ್ತಿಗೆ ಅವನನ್ನು ಹಿಡಿದು ನಡೆಸಿಕೊಂಡು ಬಂದರು. ಬಾಗಿಲವರೆಗೆ ಬಂದು ಅವನು ನಿಂತ. ಸೀಟು ನೋಡಿದ, ಕೈ ನೋಡಿಕೊಂಡ.

"ತಡಿ ಕಣ್ಲಾ, ಕೈ ತೊಳ್ಕಂಡು ಬತ್ತೀನಿ."

ನಾನು ಬೇಡ ಅನ್ನಲಿಲ್ಲ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ತೊಳೆದುಕೊಂಡು ಬರಲಿ, ಎರಡು ನಿಮಿಷ ತಾನೇ ಅಂತ ನನ್ನ ಮನಸ್ಸಿಗೆ ಬಂತು, ಒಳಗೆಲ್ಲೋ ಸಮಾಧಾನವೂ ಆಯಿತು. ಆ ಸಮಾಧಾನ ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅವನು ತೊಟ್ಟಿಯ ಹತ್ತಿರ ಬಗ್ಗಿ ನಿಂತ. ಆ ಅಂಟಿಗೆ ನಮ್ಮಲ್ಲಿ ಹುಣಸೆಹಣ್ಣು, ಸೋಪಿನ ಪುಡಿ ಕಲಸಿ ತಿಕ್ಕುತ್ತಾರೆ. ಅತ್ತಿಗೆ ನೀರು ಹುಯ್ದರು. ಅಷ್ಟು ಹೊತ್ತು ನಾನೇನು ಸುಮ್ಮನಿದ್ದೆನೇ? ಡಿಕ್ಕಿಯಿಂದ ಟವೆಲ್ ತೆಗೆದು ಸೀಟಿಗೆ ಹಾಸಿ, ಮೂಲೆಗಳನ್ನು ಸಂದಿಗೆ ಸಿಕ್ಕಿಸುತ್ತಿದ್ದೆ. ತಿರುಗಿ ನೋಡಿದರೆ ಅವನಿನ್ನೂ ಉಗುರಿನ ಸಂದಿ ಉಜ್ಜುತ್ತಿದ್ದ. ಸಾಕು ಬಾ ಅಂತ ಕೂಗಿದೆ. ಇನ್ನೊಂಚೂರು ಅದೆ ಅಂದ. ಮತ್ತೆ ಕೂಗುವಷ್ಟರಲ್ಲಿ ತೊಟ್ಟಿಯ ಬುಡದಲ್ಲಿ ಕೂತುಬಿಟ್ಟಿದ್ದ. ನಾವಿಬ್ಬರೂ ಎತ್ತಿಕೊಂಡು ಬಂದು ಮಲಗಿಸಿದೆವು, ಅತ್ತಿಗೆ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತರು.

ಭಾನುವಾರ ಪಿರಿಯಾಪಟ್ಟಣದಲ್ಲಿ ಡಾಕ್ಟರು ಸಿಗುವುದಿಲ್ಲ ಅಂತ ಹುಣಸೂರಿಗೇ ಹೊರಟೆ, ಅಲ್ಲಿಯ ತನಕ ಒಂದು ಉಬ್ಬಿಗೂ ನಿಧಾನ ಮಾಡಲಿಲ್ಲ. ಪ್ರತಿ ಊರ ಮುಂದೆ ಕಾರಿನ ಹೊಟ್ಟೆ ನೆಲಕ್ಕೆ ಬಡಿಯಿತು, ಏನೋ ಕಿತ್ತುಕೊಂಡು ಹೋಯಿತು. ಒಳಗೆ ಮಾತ್ರ ಅದೇ ನಿಶ್ಶಬ್ದ. ಅಣ್ಣನ ಉಸಿರು ನನ್ನ ಕಿವಿಯ ಹಿಂದೆಯೇ ಇದ್ದ ಹಾಗೆ ಕೇಳುತ್ತಿತ್ತು. ಲಕ್ಷ್ಮಣತೀರ್ಥದ ಸೇತುವೆ ಇನ್ನೇನು ಬಂತು ಅನ್ನುವಾಗ ಅದು ಕೇಳುವುದು ನಿಂತಿತು. ನಾನು ಹಿಂದೆ ತಿರುಗಲಿಲ್ಲ, ಓಡಿಸುತ್ತಲೇ ಇದ್ದೆ.

ಆಸ್ಪತ್ರೆಯಲ್ಲಿ ಅಣ್ಣನನ್ನು ಒಳಗೆ ಮಲಗಿಸಿ ಡಾಕ್ಟರು ನೋಡಿದರು. ಕಾಲು ಗಂಟೆ ಮುಂಚೆ ಬಂದಿದ್ದರೆ ಏನಾದರೂ ಪ್ರಯತ್ನ ಮಾಡಬಹುದಿತ್ತು ಅಂದರು. ಆಮೇಲೆ ಬಂದ ನೆಂಟರು ಆಯಸ್ಸು ಅಷ್ಟೇ ಇತ್ತು ಕಣಪ್ಪ ಅಂದರು. ಆ ಕಾಲು ಗಂಟೆ ಎಲ್ಲಿ ಹೋಯಿತು ಅಂತ ಅವರಿಗೆ ಗೊತ್ತಿರಲಿಲ್ಲ. ಬಿಳಿ ಬಟ್ಟೆಯ ಮೇಲಿದ್ದ ಅಣ್ಣನ ಕೈ ನೋಡಿದೆ. ತಿಕ್ಕಿ ತಿಕ್ಕಿ ಅಂಗೈ ಕೆಂಪಾಗಿತ್ತು. ಸೊಪ್ಪಿನ ಕಾಲದಲ್ಲಿ ಅವನ ಕೈ ಅಷ್ಟು ಚೊಕ್ಕಟವಾಗಿದ್ದದ್ದನ್ನು ನಾನು ಕಂಡೇ ಇರಲಿಲ್ಲ.

ಹೊರಗೆ ಬಂದಾಗ ಅತ್ತಿಗೆ ಕಾರಿನ ಹತ್ತಿರ ಇದ್ದರು. ಟವೆಲ್ ಮಡಿಸಿಟ್ಟು, ಸೀಟಿನ ಮೇಲೆ ಬಗ್ಗಿ ಸೆರಗಿನಿಂದ ಒರೆಸುತ್ತಿದ್ದರು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

"ಏನೂ ಅಂಟಿಲ್ಲ, ನೋಡ್ಕಳಿ" ಅಂದರು.

ಚುಚ್ಚಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನಗೆ ಧೈರ್ಯ ಹೇಳುತ್ತಿದ್ದರು. ನಾನು ಬಗ್ಗಿ ನೋಡಿದೆ. ನಿಜಕ್ಕೂ ಏನೂ ಅಂಟಿರಲಿಲ್ಲ.