ಗೇರುಹಣ್ಣಿನ ಬಣ್ಣ ಬಾರದ ದಿನಗಳು

ತಿಮ್ಮಣ್ಣನ ಬಗ್ಗೆ ಬರೆಯಲು ಕುಳಿತರೆ ನನ್ನ ದಡ್ಡತನದ ಬಗ್ಗೆಯೂ ಬರೆಯಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ಮುಂದೂಡಿದ್ದು. ನಾನು ಸೆಲೀನ್, ಕಾರ್ಕಳದ ಒಂದು ಪಿಯು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ತಪ್ಪು ಉತ್ತರ ಬರೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಆ ಮಕ್ಕಳಲ್ಲಿ ಯಾರೂ ಇದನ್ನು ಓದದಿದ್ದರೆ ಒಳ್ಳೆಯದು.

ತಿಮ್ಮಣ್ಣ ಮಣಿಪಾಲದ ಒಂದು ಬಸ್ ಸ್ಟಾಪಿನ ಪಕ್ಕ, ದೊಡ್ಡ ಕೊಡೆಯ ಕೆಳಗೆ, ಹತ್ತೊಂಬತ್ತು ವರ್ಷಗಳಿಂದ ಚಪ್ಪಲಿ ರಿಪೇರಿ ಮಾಡುತ್ತಾನೆ. ಊರು ಅಥಣಿಯ ಕಡೆ. ಅಲ್ಲಿ ಅವನ ಮನೆತನದವರು ಚರ್ಮ ಹದ ಮಾಡುವುದರಿಂದ ಹಿಡಿದು ಬಣ್ಣ ಹಾಕಿ ಹೊಲಿಯುವ ತನಕ ಎಲ್ಲವನ್ನೂ ಮಾಡುತ್ತಿದ್ದರು. ಕಟ್ಟಡದ ಕೆಲಸ ಸಿಗುತ್ತದೆಂದು ಊರಿನವರ ಜೊತೆ ಇಲ್ಲಿಗೆ ಬಂದು, ಕಲ್ಲು ಹೊತ್ತು ಸೊಂಟ ಹಿಡಿದುಕೊಂಡ ಮೇಲೆ ಉಳಿ, ಸೂಜಿ, ಗಮ್ ಡಬ್ಬಿ ಇಟ್ಟುಕೊಂಡು ಕುಳಿತ. ಕಿತ್ತ ಬಾರು, ಬಿಟ್ಟ ಅಟ್ಟೆ, ಕಾಲೇಜು ಹುಡುಗರ ಬ್ಯಾಗಿನ ಜಿಪ್ಪು. ಇಲ್ಲಿಗೆ ಬಂದ ಮೇಲೆ ಅವನು ಒಂದೇ ಒಂದು ಹೊಸ ಚಪ್ಪಲಿ ಮಾಡಿಲ್ಲ. ಇದನ್ನು ಅವನು ದೂರಿನ ಹಾಗೆ ಹೇಳುವುದಿಲ್ಲ, ಹವಾಮಾನ ಹೇಳಿದ ಹಾಗೆ ಹೇಳುತ್ತಾನೆ.

ನನ್ನ ಅಕ್ಕ ಬರ್ತಾಳ ಮಗ ಜೋವಿನ್ ಕಾಪುವಿನಲ್ಲಿ ಒಂದು ಶೆಡ್ಡು ಹಾಕಿ ಮೀನಿನ ಚರ್ಮ ಹದ ಮಾಡಲು ಶುರು ಮಾಡಿದ್ದ. ದೊಡ್ಡ ಮುರು ಮೀನಿನ ಮಾಂಸ ತೆಗೆದ ಮೇಲೆ ಎಸೆಯುವ ಚರ್ಮವನ್ನು ತಂದು, ಅಳಲೆಕಾಯಿಯ ಕಷಾಯದಲ್ಲಿ ದಿನಗಟ್ಟಲೆ ನೆನೆಸಿ, ಒಣಗಿಸಿದರೆ ಒಳ್ಳೆಯ ಗಟ್ಟಿ ಚರ್ಮ ಸಿಗುತ್ತದೆ. ಪೊರೆ ಇದ್ದ ಜಾಗದಲ್ಲಿ ಚಿಕ್ಕ ಚಿಕ್ಕ ಗುಳಿಗಳು, ನೋಡಲು ಬಹಳ ಚಂದ. ಆದರೆ ಅದಕ್ಕೆ ಬಣ್ಣ ಹೇಗೆ ಹಿಡಿಯುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಉಡುಪಿಯ ಒಂದು ಅಂಗಡಿಯವರು ಐವತ್ತು ಪರ್ಸು ಕೇಳಿದ್ದರು. ಎಲ್ಲವೂ ಮಾಗಿದ ಗೇರುಹಣ್ಣಿನ ಬಣ್ಣದಲ್ಲಿರಬೇಕು, ಒಂದು ಕೂಡ ಬೇರೆ ಆಗಬಾರದು ಎಂದಿದ್ದರು.

ಎಷ್ಟೋ ವರ್ಷದಿಂದ ನನ್ನ ಚಪ್ಪಲಿ ಹೊಲಿದುಕೊಡುತ್ತಿದ್ದ ತಿಮ್ಮಣ್ಣನ ಹೆಸರು ಹೇಳಿದೆ. ಜೋವಿನ್ ಒಂದು ಕರಾರು ಹಾಕಿದ. “ಮಾವ್ಶಿ, ಮಾರ್ಚ್ ಮುಗಿಯುವುದರೊಳಗೆ ಸಾಲಾಗಿ ಐದು ತುಂಡು ಒಂದೇ ಬಣ್ಣ ಬರಲಿ. ಬಂದರೆ ಬಣ್ಣದ ಕೆಲಸಕ್ಕೆ ಅವರನ್ನೇ ಶೆಡ್ಡಿಗೆ ಕರೆದುಕೊಳ್ತೇನೆ. ಇಲ್ಲದಿದ್ರೆ ಚರ್ಮವನ್ನು ಚೆನ್ನೈಗೆ ಕಳಿಸುವುದು, ಬೇರೆ ದಾರಿ ಇಲ್ಲ.”

ಚರ್ಮ ಮೊದಲು ಕೈಗೆ ಕೊಟ್ಟಾಗ ತಿಮ್ಮಣ್ಣ ಅದನ್ನು ಮೂಸಿ ನೋಡಿದ. “ಅಕ್ಕೋರ, ಇದನ್ನ ಹೊಲೀಬೇಕೋ, ಸಾರಿಗೆ ಹಾಕಬೇಕೋ?” ಎಂದು ಕೇಳಿದ. ನಾನು ಟೀಚರು ಎಂದು ಗೊತ್ತಾದ ದಿನದಿಂದ ನಾನು ಅವನಿಗೆ ಅಕ್ಕೋರು. ಆಮೇಲೆ ಹೆಬ್ಬೆರಳಿನಲ್ಲಿ ಒತ್ತಿ, ಬಗ್ಗಿಸಿ, ಬೆಳಕಿಗೆ ಹಿಡಿದ. ಮುಖ ಬದಲಾಯಿತು. “ಚರ್ಮ ಖರೇ ಐತ್ರಿ. ಇದರ ಸ್ವಭಾವ ಏನಂತ ನೋಡಬೇಕು” ಎಂದ. ಕಾಪುವಿನ ಕೆಲಸದ ವಿಷಯ ಹೇಳಿದೆ. ಆ ದಿನ ಅವನು ನಾಲ್ಕು ಗಂಟೆಗೇ ಕೊಡೆ ಮಡಚಿದ.

ಪರ್ಕಳದಲ್ಲಿ ಅವನ ಬಾಡಿಗೆ ಮನೆ, ಮುಖ್ಯ ರಸ್ತೆಯಿಂದ ದಿಬ್ಬ ಹತ್ತಿ ಹೋಗಬೇಕು. ಒಂದು ಕೋಣೆ, ಹಿಂದೆ ಅಡುಗೆಯ ಜಾಗ, ಅಂಗಳದಲ್ಲಿ ಎಲ್ಲ ಬಾಡಿಗೆದಾರರಿಗೂ ಸೇರಿದ ಬಾವಿ. ಹೆಂಡತಿ ರತ್ನವ್ವ ಮಣಿಪಾಲದ ಒಂದು ಅಪಾರ್ಟ್‌ಮೆಂಟಿನಲ್ಲಿ ಗುಡಿಸಿ ಒರೆಸುವ ಕೆಲಸ ಮಾಡುತ್ತಾಳೆ. ಮಕ್ಕಳಿಬ್ಬರೂ ಮದುವೆಯಾಗಿ ಅಥಣಿಯ ಕಡೆಯೇ ಇದ್ದಾರೆ. ಬಣ್ಣ ಪರೀಕ್ಷೆ ಮಾಡುವ ದಿನ ತಿಮ್ಮಣ್ಣ ಮಧ್ಯಾಹ್ನ ಮನೆಗೆ ಬಂದು, ಅಡುಗೆ ಜಾಗದ ಕೊಡದಿಂದ ನೀರು ತೆಗೆದು, ಚರ್ಮ ನೆನೆಸಿ, ಬಣ್ಣದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಲು ಹಾಕುತ್ತಿದ್ದ. ನಾನು ಕಾರ್ಕಳದಿಂದ ಬಸ್ಸು ಹಿಡಿದು ಮೂರೂವರೆಗೆ ಪರ್ಕಳದಲ್ಲಿ ಇಳಿದು, ಬಣ್ಣ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ.

ಮೊದಲ ತುಂಡು ಎಷ್ಟು ಚಂದ ಬಂತೆಂದರೆ ಕಚ್ಚಿ ನೋಡಬೇಕು ಅನ್ನಿಸಿತು. ಅಚ್ಚ ಗೇರುಹಣ್ಣು. ಎರಡನೆಯದೂ ಹಾಗೇ. ಜೋವಿನ್‌ಗೆ ಫೋಟೋ ಕಳಿಸಿದೆ. ಮೂರನೆಯದು ಬೂದಿ ಬಣ್ಣಕ್ಕೆ ತಿರುಗಿತು, ಒಲೆಯ ಪಕ್ಕ ವರ್ಷಗಟ್ಟಲೆ ಬಿದ್ದಿದ್ದ ಬಟ್ಟೆಯ ಹಾಗೆ. ನಾಲ್ಕನೆಯದೂ ಬೂದಿ. ಐದನೆಯದು ಮತ್ತೆ ಗೇರುಹಣ್ಣು.

ಅದೇ ಚರ್ಮ, ಅದೇ ಬಣ್ಣದ ಪುಡಿ, ಅದೇ ಕೈ. ನನಗೆ ತಲೆಬುಡ ಅರ್ಥವಾಗಲಿಲ್ಲ.

ತಿಮ್ಮಣ್ಣನ ಅನುಮಾನ ಮೊದಲು ಪಾತ್ರೆಯ ಮೇಲೆ ಬಿತ್ತು. ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮಕ್ಕೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಊರಿನಲ್ಲಿ ಕಪ್ಪು ಚಪ್ಪಲಿ ಬೇಕಾದರೆ ಬೆಲ್ಲದ ನೀರಿನಲ್ಲಿ ತುಕ್ಕು ಹಿಡಿದ ಮೊಳೆ ಕೊಳೆಹಾಕಿ, ಅದನ್ನು ಬಳಿಯುತ್ತಿದ್ದರಂತೆ. ಆದ್ದರಿಂದ ಅವನು ಕಬ್ಬಿಣದ ಸೌಟನ್ನು ಆಚೆ ಇಟ್ಟ. ಪ್ಲಾಸ್ಟಿಕ್ ಟಬ್ಬು ತಂದ. ಕಲಕಲು ಮರದ ಕೋಲು ಹಿಡಿದ. ಉಂಗುರವನ್ನೂ ಬಿಚ್ಚಿಟ್ಟ. ಆರನೆಯದು ಗೇರುಹಣ್ಣು ಬಂತು, ಇಬ್ಬರೂ ನಕ್ಕೆವು. ಏಳನೆಯದು ಬೂದಿ.

ಆಮೇಲೆ ನನ್ನ ಸರದಿ. ಬೆನ್ನಿನ ಚರ್ಮವೋ ಹೊಟ್ಟೆಯ ಚರ್ಮವೋ ಎಂದು ಬೇರೆ ಮಾಡಿದೆ, ಹೊಸ ಪುಡಿಯ ಪ್ಯಾಕೆಟ್ ಒಡೆಸಿದೆ, ಥರ್ಮಾಮೀಟರ್ ತಂದು ಬಿಸಿ ಅಳೆದೆ, ಸೆಖೆ ಎಷ್ಟು, ಮೋಡ ಇತ್ತೇ ಎಂದೂ ಬರೆದೆ. ಪುಟ ತುಂಬಿತೇ ಹೊರತು ಏನೂ ತಿಳಿಯಲಿಲ್ಲ. ಒಳ್ಳೆಯ ಬಣ್ಣ ಬಂದ ದಿನಗಳಲ್ಲಿ ರತ್ನವ್ವ ಮನೆಯಲ್ಲಿರುತ್ತಿದ್ದಳು, ಒಳ್ಳೆಯ ಚಹಾ ಕೊಡುತ್ತಿದ್ದಳು. ಬೂದಿಯ ದಿನಗಳಲ್ಲಿ ತಿಮ್ಮಣ್ಣನೇ ಚಹಾ ಮಾಡುತ್ತಿದ್ದ, ಅದು ಮಸಿ ಕಲಸಿದ ಹಾಗಿರುತ್ತಿತ್ತು. “ನಿಮಗೆ ಚರ್ಮವೂ ಕಪ್ಪು, ಚಹಾವೂ ಕಪ್ಪು ಮಾರಾಯ್ರೇ” ಎಂದು ಅವನನ್ನು ಗೇಲಿ ಮಾಡಿದೆ. ಗಂಡಸರಿಗೆ ಚಹಾ ಮಾಡಲು ಬರುವುದಿಲ್ಲ ಎಂದುಕೊಂಡೆ. ರಸಾಯನಶಾಸ್ತ್ರದವಳಿಗೆ ಹೊಳೆದದ್ದು ಅಷ್ಟೇ.

ಅವನು ನಗಲಿಲ್ಲ. ಹತ್ತನೆಯ ತುಂಡಿನ ಹೊತ್ತಿಗೆ ಅವನಿಗೆ ಕೆಲಸದ ಮೇಲೆ ಅಲ್ಲ, ತನ್ನ ಮೇಲೆಯೇ ನಂಬಿಕೆ ಹೋಗಿತ್ತು. ಸ್ಟಾಪಿನಲ್ಲಿ ಕುಳಿತಾಗಲೂ ಆಗಾಗ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಒಂದು ದಿನ ನನ್ನ ಚಪ್ಪಲಿಯ ಬಾರಿಗೆ ಹೊಲಿಗೆ ಹಾಕಿ, ಸರಿಯಾಗಿದೆಯೋ ಇಲ್ಲವೋ ಎಂದು ನನ್ನನ್ನೇ ಕೇಳಿದ. ಹತ್ತೊಂಬತ್ತು ವರ್ಷದಲ್ಲಿ ಅವನು ಯಾರನ್ನೂ ಹಾಗೆ ಕೇಳಿರಲಾರ. ಸುಮ್ಮನಿದ್ದವನನ್ನು ಎಬ್ಬಿಸಿ ಈ ಗೊಂದಲಕ್ಕೆ ತಳ್ಳಿದವಳು ನಾನೇ ಅಲ್ಲವೇ.

ಮಾರ್ಚ್ ಇಪ್ಪತ್ತಾರಕ್ಕೆ ಹೋದಾಗ ಹನ್ನೆರಡನೆಯ ತುಂಡು ಹಗ್ಗದ ಮೇಲೆ ಬೂದಿಯಾಗಿ ನೇತಾಡುತ್ತಿತ್ತು. ತಿಮ್ಮಣ್ಣ ಉಳಿದ ಚರ್ಮವನ್ನೆಲ್ಲ ಹಳೆಯ ಪೇಪರಿನಲ್ಲಿ ಕಟ್ಟಿ ಬಾಗಿಲ ಬಳಿ ಇಟ್ಟಿದ್ದ.

“ಎಂತ ಇದು, ತಿಮ್ಮಣ್ಣ?”

“ಒಯ್ದು ಬಿಡ್ರಿ ಅಕ್ಕೋರ. ನಿಮ್ಮ ಹುಡುಗಗ ಹೇಳ್ರಿ, ಚೆನ್ನೈಗೆ ಕಳಸ್ಲಿ. ನನ್ನ ಕೈ ಹೋಗೇತಿ. ಬೂಟಿಗೆ ಗಮ್ ಹಚ್ಚಿ ಹಚ್ಚಿ ಎಲ್ಲಾ ಮರತು ಹೋಗೇತಿ.”

“ಕೈ ಹೋದ್ರೆ ಆರು ತುಂಡು ಅಷ್ಟು ಚಂದ ಹೇಗೆ ಬಂತು?”

“ಅದ ನನಗ ತಿಳೀವಲ್ದು. ಕೆಟ್ಟದ್ದು ಯಾಕ ಬಂತು ಅಂತಲೂ ತಿಳೀವಲ್ದು, ಚಲೋದು ಯಾಕ ಬಂತು ಅಂತಲೂ ತಿಳೀವಲ್ದು. ತಿಳೀಲಾರದ ಕೆಲಸ ಮಾಡಬಾರದ್ರಿ.”

ಅವನು ಎದ್ದು, ಕೊಡದಿಂದ ಒಂದು ಚೊಂಬು ನೀರು ತೆಗೆದು ಚಹಾಕ್ಕೆ ಇಡಲು ಹೋದ. ಅಷ್ಟರಲ್ಲಿ ರತ್ನವ್ವ ಒಳಗೆ ಬಂದಳು. ಒಂದು ವಾರದಿಂದ ಅವಳಿಗೆ ರಾತ್ರಿ ಹತ್ತರವರೆಗಿನ ಪಾಳಿ ಇತ್ತಂತೆ, ಇವತ್ತಿನಿಂದ ಬೆಳಗಿನ ಪಾಳಿ. ಸೊಂಟದ ಮೇಲೆ ಒಂದು ದೊಡ್ಡ ಬಿಳಿ ಪ್ಲಾಸ್ಟಿಕ್ ಕ್ಯಾನು, ಮುಖವೆಲ್ಲ ಬೆವರು.

“ತಡೀರಿ, ಆ ನೀರಿಲೆ ಮಾಡಬ್ಯಾಡ್ರಿ” ಎಂದಳು ಗಂಡನಿಗೆ. “ಅಕ್ಕೋರು ಬಂದಾರ. ನಾ ಚಲೋ ನೀರು ತಂದೇನಿ.”

ಕೊಡದಲ್ಲಿದ್ದ ನೀರನ್ನು ಬಕೆಟ್ಟಿಗೆ ಸುರಿದು, ಕ್ಯಾನಿನ ನೀರನ್ನು ಅದಕ್ಕೆ ತುಂಬಿದಳು. ನಾನು ಕೊಡವನ್ನೂ ಕ್ಯಾನನ್ನೂ ನೋಡಿದೆ.

“ರತ್ನವ್ವ, ಇದು ಎಲ್ಲಿಯ ನೀರು?”

“ಕೆಲಸದ ಕಡಿದ್ರಿ. ಅಲ್ಲಿ ನಳದ ನೀರು ಬರ್ತದ, ವಾಚಮನ್ ಬ್ಯಾಡ ಅನ್ನೂದಿಲ್ಲ. ಈ ಬಾವಿ ನೀರು ಇವರ ಹೊಟ್ಟಿಗೆ ಆಗೂದಿಲ್ಲ ಅಂತ ಡಾಕ್ಟರು ಹೇಳಿದ್ರು. ಮುಂಜಾನಿ ಡ್ಯೂಟಿ ಇದ್ದಾಗ ತರತೇನಿ. ರಾತ್ರಿ ಬಿಡೂ ಡ್ಯೂಟಿ ಇದ್ದಾಗ ಕಡೀ ಬಸ್ಸಿನ್ಯಾಗ ಕಾಲಿಡಾಕ ಜಾಗ ಇರೂದಿಲ್ಲ. ಆವಾಗ ಬಾವಿ ನೀರನ್ನ ಸೋಸಿ ಇದ ಕೊಡದಾಗ ತುಂಬತೇನಿ.”

ನಾನು ಹಣೆ ಚಚ್ಚಿಕೊಂಡೆ. ಮುರಕಲ್ಲಿನ ಬಾವಿ, ಕಬ್ಬಿಣ ತುಂಬಿದ ಕೆಂಪು ನೀರು. ನಮ್ಮ ಊರಿನಲ್ಲಿ ಇದು ಯಾರಿಗೆ ಗೊತ್ತಿಲ್ಲ? ಕಾರ್ಕಳದ ನಮ್ಮ ಮನೆಯ ಬಾವಿ ನೀರಿನಲ್ಲಿ ಒಗೆದು ಒಗೆದು ನನ್ನ ಬಿಳಿ ಸೀರೆಗಳೆಲ್ಲ ಕಾವಿಯಾಗಿವೆ. ಸೋಸಿದರೆ ಕೆಸರು ಹೋಗುತ್ತದೆ, ನೀರಿನಲ್ಲಿ ಕರಗಿದ ಕಬ್ಬಿಣ ಹೋಗುವುದಿಲ್ಲ. ಅದು ಅಳಲೆಕಾಯಿಯ ಚರ್ಮಕ್ಕೆ ತಾಗಿದರೆ ಕಪ್ಪು, ಚಹಾಪುಡಿಗೆ ತಾಗಿದರೂ ಕಪ್ಪು. ಪ್ರತಿ ವರ್ಷ ಇದೇ ಪ್ರಯೋಗವನ್ನು ಟೆಸ್ಟ್ ಟ್ಯೂಬಿನಲ್ಲಿ ಮಾಡಿ ತೋರಿಸಿದವಳು ನಾನು. ನನ್ನ ಎದುರಿಗೇ ಚಹಾದ ಲೋಟದಲ್ಲಿ ಇಟ್ಟುಕೊಟ್ಟರೂ ಗೊತ್ತಾಗಲಿಲ್ಲ. ತಿಮ್ಮಣ್ಣ ಪಾಪ, ಕಬ್ಬಿಣದ ವಸ್ತುವನ್ನೆಲ್ಲ ಮನೆಯಿಂದ ಆಚೆ ಹಾಕಿದ್ದ. ಅದು ನೀರಿನ ಒಳಗೇ ಕುಳಿತಿರಬಹುದೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ನೋಟ್‌ಬುಕ್ ತೆಗೆದು ಒಂದೊಂದೇ ತಾರೀಕು ಓದಿದೆ. ಅದರ ಹಿಂದಿನ ದಿನ ಯಾವ ಪಾಳಿ, ಅಂದು ಮಧ್ಯಾಹ್ನ ಕೊಡದಲ್ಲಿ ಯಾವ ನೀರು ಎಂದು ರತ್ನವ್ವ ಹೇಳುತ್ತಾ ಹೋದಳು. ಮೇಲ್ವಿಚಾರಕ ತನಗೆ ಬೇಕಾದ ಹಾಗೆ ಪಾಳಿ ಬದಲಿಸುತ್ತಿದ್ದುದರಿಂದ ಅವಳಿಗೆ ಒಂದೊಂದು ದಿನವೂ ಕೋಪದ ಸಮೇತ ನೆನಪಿತ್ತು. ಹನ್ನೆರಡಕ್ಕೆ ಹನ್ನೆರಡೂ ತಾಳೆಯಾದವು.

ತಿಮ್ಮಣ್ಣ ಪೇಪರಿನ ಕಟ್ಟು ಬಿಚ್ಚಿದ. ಎರಡು ಬೋಗುಣಿ ಇಟ್ಟು, ಎಡಗಡೆಯದರಲ್ಲಿ ಬಾವಿಯ ನೀರು, ಬಲಗಡೆಯದರಲ್ಲಿ ಕ್ಯಾನಿನ ನೀರು ಹಾಕಿದ. ಒಂದೇ ಚರ್ಮವನ್ನು ಎರಡು ತುಂಡು ಮಾಡಿ ನೆನೆಸಿ, ಬಣ್ಣ ಹಾಕಿದ. ಒಂದು ಗಂಟೆಯಲ್ಲಿ ಬಲಗಡೆ ಗೇರುಹಣ್ಣು, ಎಡಗಡೆ ಬೂದಿ. ಕಾಪುವಿನ ಶೆಡ್ಡಿಗೆ ನಳದ ನೀರೇ ಬರುವುದು. ಇನ್ನು ಐದಲ್ಲ, ಐವತ್ತು ತುಂಡು ಬೇಕಾದರೂ ಒಂದೇ ಬಣ್ಣ ಬಂದೀತು.

“ನಿಮ್ಮ ಕೈ ಎಲ್ಲಿಗೂ ಹೋಗಿಲ್ಲ ತಿಮ್ಮಣ್ಣ” ಎಂದೆ. ಜೋವಿನ್‌ಗೆ ಫೋನು ಹಚ್ಚಿ ಎಲ್ಲ ಹೇಳಿದೆ. “ಸೋಮವಾರದಿಂದಲೇ ಬರ್ತಾರಾ ಅಂತ ಕೇಳಿ ಮಾವ್ಶಿ, ಇಲ್ಲಿಯೇ ಐದು ತುಂಡು ಮಾಡಿಬಿಡಲಿ” ಎಂದ ಅವನು.

ಕೇಳೋಣವೆಂದು ತಿರುಗಿದರೆ ತಿಮ್ಮಣ್ಣ ಚರ್ಮದ ಕಡೆ ನೋಡುತ್ತಲೇ ಇರಲಿಲ್ಲ. ಅವನ ಕಣ್ಣು ಖಾಲಿ ಕ್ಯಾನಿನ ಮೇಲಿತ್ತು.

“ಎಂದಿನಿಂದ ತರಾಕತ್ತೀದಿ ಇದನ್ನ?”

“ಎರಡು ಮಳೆಗಾಲ ಆತು” ಎಂದಳು ರತ್ನವ್ವ, ಚಹಾ ಸೋಸುತ್ತಾ.

“ನಾ ಗುಳಿಗಿಲೆ ಹೊಟ್ಟಿನೋವು ಹೋತು ಅಂದ್ಕೊಂಡಿದ್ನಿ.”

ಅವನು ಕ್ಯಾನನ್ನು ಎತ್ತಿಕೊಂಡು ಅಂಗಳಕ್ಕೆ ಹೋಗಿ, ಬಾವಿಯಿಂದ ನೀರು ಸೇದಿ ಕುತ್ತಿಗೆಯ ತನಕ ತುಂಬಿದ. ಸೊಂಟದ ಮೇಲೆ ಇಟ್ಟುಕೊಂಡು ದಿಬ್ಬ ಇಳಿದು ಬಸ್ ನಿಲ್ಲುವ ರಸ್ತೆಯ ಕಡೆ ಹೊರಟ. “ಅದು ಬಾವಿ ನೀರು, ಎಲ್ಲಿಗೆ ಒಯ್ತೀರಿ?” ಎಂದು ರತ್ನವ್ವ ಕೂಗಿದಳು. ಅವನು ತಿರುಗಿ ನೋಡಲಿಲ್ಲ. ಇವನಿಗೆ ಏನಾಯಿತೆಂದು ನಾವಿಬ್ಬರೂ ಬಾಗಿಲಲ್ಲಿ ನಿಂತೆವು. ರಸ್ತೆ ಮುಟ್ಟಿದವನು ಅಲ್ಲಿಂದ ತಿರುಗಿ ದಿಬ್ಬ ಹತ್ತತೊಡಗಿದ. ಅರ್ಧಕ್ಕೆ ಬಂದು ಕ್ಯಾನು ಇಳಿಸಿ ಸೊಂಟ ಹಿಡಿದು ನಿಂತ. ಮತ್ತೆ ಎತ್ತಿದ. ಮತ್ತೆ ಇಳಿಸಿದ.

ಬಾಗಿಲಿಗೆ ಬಂದಾಗ ಅವನು ಏದುಸಿರು ಬಿಡುತ್ತಿದ್ದ. ಹೊಸ್ತಿಲ ಮೇಲೆ ಕುಳಿತ.

“ಎರಡ ಸಲ ಇಳಿಸಿದ್ನಿ” ಎಂದ. “ನೀ ಎಷ್ಟ ಸಲ ಇಳಸ್ತಿ?”

“ನಾ ಇಳಸೂದಿಲ್ರಿ” ಎಂದಳು ರತ್ನವ್ವ. “ಇಳಿಸಿದ್ರ ಮತ್ತ ಎತ್ತಾಕ ತ್ರಾಸ ಆಗ್ತದ.”

ಫೋನಿನಲ್ಲಿ ಜೋವಿನ್ ಇನ್ನೂ ಕಾಯುತ್ತಿದ್ದ. ಆಮೇಲೆ ಮಾತಾಡುತ್ತೇನೆ ಎಂದು ಹೇಳಿ ಇಟ್ಟೆ.