ಬೀಗರನ್ನು ಮಾತಾಡಿಸಲು ಹೋದದ್ದು

ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಈ ವಿಷಯದಲ್ಲಿ ನಾನು ಎಂದೂ ತಪ್ಪಿದವನಲ್ಲ. ನಮ್ಮೂರು ತಾಂಬಾದಲ್ಲಾಗಲಿ ಸುತ್ತಲ ಹಳ್ಳಿಗಳಲ್ಲಾಗಲಿ, ರೋಗಿಯ ಮಂಚದ ಪಕ್ಕ ಹೋಗಿ ಕೂಡುತ್ತಿದ್ದೆ. ಕೂತಮೇಲೆ ಅದೇ ರೋಗ ಬಂದ ಇನ್ನೊಬ್ಬರ ಕತೆ ತೆಗೆಯುತ್ತಿದ್ದೆ. ಅವರು ಹೇಗೆ ನರಳಿದರು, ಯಾವ ಯಾವ ಊರಿಗೆ ತಿರುಗಿದರು, ಕೊನೆಗೆ ಹೇಗೆ ಹೋದರು. ಧೈರ್ಯ ಹೇಳುವುದೆಂದರೆ ಇದೇ ಎಂದು ತಿಳಿದಿದ್ದೆ.

ಎರಡು ವರ್ಷದ ಹಿಂದೆ ನನ್ನ ಬೀಗರಿಗೆ, ಅಂದರೆ ಸೊಸೆಯ ತಂದೆಗೆ, ಗಂಟಲ ಕ್ಯಾನ್ಸರ್ ಎಂದು ಗೊತ್ತಾಯಿತು. ಅವರು ಇಂಡಿ ಪಟ್ಟಣದ ಮಾರುಕಟ್ಟೆಯಲ್ಲಿ ಲಿಂಬಿಕಾಯಿಯ ಸವಾಲು, ಅಂದರೆ ಹರಾಜು, ಕೂಗುವವರು. ಸೊಲ್ಲಾಪುರದ ಡಾಕ್ಟರರು ಗಡ್ಡೆ ಸಣ್ಣದಿದೆ, ಕರೆಂಟ್ ಕೊಟ್ಟರೆ ಗುಣವಾಗುವ ಸಂಭವ ಬಹಳ ಎಂದಿದ್ದರು. ರೇಡಿಯೇಶನ್‌ಗೆ ನಮ್ಮ ಜನ ಕರೆಂಟ್ ಎನ್ನುತ್ತಾರೆ. ಸೋಮವಾರ ಶುರುವಾಗಬೇಕಿತ್ತು. ಶನಿವಾರ ನಾನು ಬಾಳೆಹಣ್ಣು ಹಿಡಿದು ಹೋದೆ.

"ಹಲಸಂಗ್ಯಾಗ ಒಬ್ಬಾಂವಗ ಹಿಂಗ ಆಗಿತ್ರಿ ಬೀಗರ. ಕರೆಂಟ್ ಕೊಟ್ರು. ಗಂಟಲ ಸುಟ್ಟು ಗುಟುಕ ನೀರ ಇಳೀಲಿಲ್ಲ. ತಿಂಗಳದಾಗ ಹೋದ. ನಾನ ಕಣ್ಣಾರೆ ನೋಡೇನಿ."

ಬೀಗರು ಗೋಡೆ ನೋಡುತ್ತ ಕೂತರು. ಬೀಗತಿ ಚಹಾ ಕೊಟ್ಟರು. ಕುಡಿದು ಬಂದೆ.

ಸೋಮವಾರ ಅವರು ಬಸ್ಸು ಹತ್ತಲಿಲ್ಲ. ಇನ್ನು ಸೊಲ್ಲಾಪುರಕ್ಕೆ ಹೋಗುವುದಿಲ್ಲ, ಆದದ್ದು ಮನೆಯಲ್ಲೇ ಆಗಲಿ ಎಂದರಂತೆ. ಸೊಸೆ ಫೋನ್ ಇಟ್ಟು ನನ್ನ ಮುಂದೆ ಬಂದು ನಿಂತಳು.

"ಮಾವಾರ, ನಮ್ಮಪ್ಪಗ ಏನ ಹೇಳಿ ಬಂದೀರಿ?"

"ನಾ ಏನ ಹೇಳ್ಲಿ? ಆರಾಮ ಆಗ್ತೀರಿ ಅಂದೇನಿ."

"ನಾಳಿ ದವಾಖಾನಿಗಿ ಕೇಳಾಕ ಹೊಂಟೇನಿ, ಜೋಡಿ ಬರ್ರಿ" ಎಂದಳು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ರೋಗಿಗಳ ಮತ್ತು ಮನೆಯವರ ಜೊತೆ ಮಾತಾಡಲೆಂದೇ ಒಬ್ಬ ಸಮಾಲೋಚಕಿ ಇದ್ದರು. ಮನೆಗೆ ಯಾರು ಬಂದಿದ್ದರು, ಏನು ಮಾತಾಯಿತು ಎಂದು ಕೇಳಿದರು. ಸೊಸೆ ನೆಲ ನೋಡುತ್ತಿದ್ದಳು. ನಾನು ಹೇಳಿಬಿಟ್ಟೆ.

"ಆ ಹಲಸಂಗಿಯವರ ರೋಗ ಎಷ್ಟ ಬೆಳದಿತ್ರಿ ಅಜ್ಜಾರ?"

"ಗೊತ್ತಿಲ್ರಿ."

"ನೀವು ನೋಡಿದ್ರಲ್ಲ?"

"ನೋಡಿಲ್ರಿ. ಟೆಂಪೋದಾಗ ಯಾರೋ ಮಾತಾಡೂದು ಕೇಳಿದ್ದೆ."

ಅವರು ಬೈಯಲಿಲ್ಲ. "ಇದನ್ನ ಅವರ ಮುಂದೂ ಹೇಳ್ರಿ. ಆಮ್ಯಾಲ ಅವರಿಗಿ ಅಂಜಿಕಿ ಯಾವದರದ್ದು ಅಂತ ಕೇಳ್ರಿ. ಕೇಳಿ ಸುಮ್ನ ಕೂಡ್ರಿ."

ಅಲ್ಲಿಂದ ನೇರ ಇಂಡಿಗೆ ಹೋದೆವು.

"ಬೀಗರ, ನಾ ಸುಳ್ಳ ಹೇಳೇನ್ರಿ. ಆ ಮನಿಷ್ಯಾನ ನಾ ನೋಡೇ ಇಲ್ಲ."

ಬೀಗರು ನನ್ನ ಕಡೆ ತಿರುಗಿದರು. "ಮಗಳ ಮದವ್ಯಾಗ ಹೋಳಿಗಿ ಕಡಿಮಿ ಬಿದ್ದೂ ಅಂತ ಇಷ್ಟ ವರ್ಷದ ಮ್ಯಾಲ ಸೇಡ ತೀರಿಸ್ಕೊಂಡ್ರೇನ್ರಿ?"

"ಹೋಳಿಗಿ ಏನ ಕಡಿಮಿ ಬಿದ್ದಿರಲಿಲ್ಲ," ಎಂದು ಬೀಗತಿ ಒಳಗಿನಿಂದಲೇ ಹೇಳಿದರು.

ಅಂಜಿಕೆ ಯಾವುದರದ್ದು ಎಂದು ಕೇಳಿ ಬಾಯಿ ಮುಚ್ಚಿ ಕೂತೆ. ಎರಡು ಕತೆ ನಾಲಿಗೆಯ ತುದಿಗೆ ಬಂದವು, ನುಂಗಿದೆ. ಆಮೇಲೆ ಅವರೇ ಬಾಯಿ ಬಿಟ್ಟರು.

"ಸಾಯೂದಕ್ಕ ಅಲ್ರಿ. ದನಿ ಹೋದ್ರ? ಸವಾಲ ಕೂಗಾಂವ ಮೂಕಾಗಿ ಬಜಾರದಾಗ ಯಾಕ ನಿಲ್ಲಬೇಕು? ಮಂದಿ ಜೀವ ಉಳಸ್ರಿ ಅಂತ ಅಳಾಕತ್ತಿರ್ತಾರ, ಅಂಥಲ್ಲಿ ನಾ ದನಿ ಕೇಳ್ಲಿ?"

"ಕೂಡಿ ಕೇಳೂಣು, ನಡೀರಿ," ಎಂದೆ.

ಮರುದಿನ ಸೊಲ್ಲಾಪುರದಲ್ಲಿ ಆ ಸಮಾಲೋಚಕಿ ಡಾಕ್ಟರರನ್ನು ತಮ್ಮ ಕೋಣೆಗೇ ಕರೆದು ಕೂಡಿಸಿದರು. ದನಿ ಕೆಲವು ತಿಂಗಳು ಒಡೆಯಬಹುದು, ಬಹಳ ಜನರಿಗೆ ತಿರುಗಿ ಬರುತ್ತದೆ, ಮೊದಲಿನಷ್ಟೇ ಬರುತ್ತದೆ ಎಂದು ಮಾತು ಕೊಡಲಾರೆ, ಹಾಗೇ ಬಿಟ್ಟರಂತೂ ರೋಗವೇ ದನಿಯನ್ನು ತಿನ್ನುತ್ತದೆ ಎಂದರು ಡಾಕ್ಟರರು. ಬೀಗರು ತಲೆಯಾಡಿಸಿದರು. "ಇದು ವ್ಯಾಪಾರಸ್ಥರ ಮಾತು. ಮಾಲ ಹ್ಯಾಂಗೈತಿ ಹಂಗ ಹೇಳಿದ್ರು." ಕರೆಂಟ್ ಶುರುವಾಯಿತು.

ನಾನೂ ಜೊತೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ನಡುವೆ ಗಂಟಲು ಬೆಂದು ಗಂಜಿಯೂ ಇಳಿಯದ ದಿನಗಳು ಬಂದವು. "ನಿಮ್ಮ ಹಲಸಂಗಿಯಾಂವ ಪೂರಾ ಸುಳ್ಳಲ್ರಿ" ಎಂದು ಪಿಸುದನಿಯಲ್ಲಿ ಅಂದರು. ನಾನು ನೀರಿನ ಬಾಟಲಿ ಹಿಡಿದು ಸುಮ್ಮನೆ ಕೂತಿದ್ದೆ. ಆ ದಿನಗಳೂ ಕಳೆದವು.

ಈವರೆಗಿನ ತಪಾಸಣೆಯಲ್ಲಿ ರೋಗ ಕಂಡಿಲ್ಲ. ಈಗ ಅವರು ಒರಟು ದನಿಯಲ್ಲಿ ಸಣ್ಣ ರಾಶಿಗಳ ಸವಾಲು ಕೂಗುತ್ತಾರೆ. ಮಂದಿಯ ಮುಂದೆ ನನ್ನನ್ನು ತೋರಿಸಿ, "ಇವರು ನನ್ನ ಮಣ್ಣ ಮಾಡಾಕ ತಯಾರಾಗೇ ಇದ್ರು, ನಾನ ಹೋಗ್ಲಿಲ್ಲ" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಗಲಿ.

ಆದರೆ ಅದಕ್ಕೂ ಮೊದಲು ಎಷ್ಟೋ ಮಂಚಗಳ ಪಕ್ಕ ಕೂತಿದ್ದೆನಲ್ಲ. ಅಲ್ಲಿ ಯಾರ ಯಾರ ಬಸ್ಸು ತಪ್ಪಿಸಿದೆನೋ ನನಗೆ ಗೊತ್ತಿಲ್ಲ. ಅವರಲ್ಲಿ ಹಲವರು ಈಗಿಲ್ಲ, ಯಾರನ್ನು ಕೇಳಲಿ. ಸೊಸೆಯೂ ಬಹಳ ದಿನ ನನ್ನನ್ನು ಯಾವ ರೋಗಿಯ ಮನೆಗೂ ಕರೆಯಲಿಲ್ಲ.

ಕಳೆದ ತಿಂಗಳು ಸಿಂದಗಿಯಲ್ಲಿರುವ ಅವಳ ಸೋದರತ್ತೆಗೆ ಕಿಡ್ನಿ ಕೆಟ್ಟಿದೆ ಎಂದು ಸುದ್ದಿ ಬಂತು. ಚೀಲ ಹಿಡಿದು ಹೊರಟವಳು ಹೊಸ್ತಿಲ ಹತ್ತಿರ ನಿಂತು ಹಿಂದೆ ತಿರುಗಿದಳು.

"ನೀವೂ ಬರ್ರಿ ಮಾವಾರ. ಅತ್ತಿ ಬಾಳ ಅಂಜ್ಯಾಳ."

ನಾನು ಚಪ್ಪಲಿ ಮೆಟ್ಟಿಕೊಂಡೆ.